‘ಕ್ಯೂಸೆಕ್ ಎಂದರೇನು?’ ಎಂದು ಸಂಪಾದಕರು ಕೇಳಿದರೆ

ಪ್ರಶ್ನೆ: ಹಾವೇರಿ ಜಿಲ್ಲೆಯವಳಾದ ನಾನು ಪತ್ರಿಕೋದ್ಯಮದಲ್ಲಿ ಎಂ.ಎ. ಮುಗಿಸಿದ್ದೇನೆ. ಕನ್ನಡ ದಿನಪತ್ರಿಕೆಯೊಂದರ ತರಬೇತಿ ಉಪಸಂಪಾದಕ ಹುದ್ದೆಗೆ ಮುಂದಿನ ತಿಂಗಳು ಲಿಖಿತ ಪರೀಕ್ಷೆ ಮತ್ತು ಸಂದರ್ಶನವಿದೆ. ಕಳೆದ ವರ್ಷ ಸುದ್ದಿವಾಹಿನಿಯೊಂದರಲ್ಲಿ ‘ಪತ್ರಕರ್ತೆಯಾಗುವ ಆಸೆ ಏಕೆ?’ ಎಂದಾಗ ‘ಸಮಾಜಸೇವೆಗಾಗಿ’ ಎಂದೆ, ಎದುರಿಗಿದ್ದವರು ನಕ್ಕುಬಿಟ್ಟರು. ಅಂದಿನಿಂದ ಸಂದರ್ಶನವೆಂದರೆ ಬಾಯಿ ಕಟ್ಟುತ್ತದೆ. ಇಂಗ್ಲಿಷ್ ಕೂಡ ಅಷ್ಟಕ್ಕಷ್ಟೆ. ಹೇಗೆ ಸಿದ್ಧಳಾಗಲಿ?

ಉತ್ತರ: ನಕ್ಕವರ ನಡತೆ ಸರಿಯಲ್ಲ. ಆದರೆ ‘ಸಮಾಜಸೇವೆ’ ಎಂಬ ಮಾತನ್ನು ಅವರು ಬೆಳಗಿನಿಂದ ಹಲವರ ಬಾಯಲ್ಲಿ ಕೇಳಿರುತ್ತಾರೆ. ಆ ಉತ್ತರದಲ್ಲಿ ನೀವು ಯಾರೆಂಬುದೇ ಅವರಿಗೆ ಕಾಣಿಸುವುದಿಲ್ಲ. ನಿಮ್ಮ ಜಿಲ್ಲೆಯದೇ ಒಂದು ಸುದ್ದಿ ನೋಡಿ. 2024ರ ಮಾರ್ಚ್‌ನಲ್ಲಿ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಬೆಲೆ ಕುಸಿದು, ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಗೆ ನುಗ್ಗಿ ವಾಹನಗಳಿಗೆ ಬೆಂಕಿ ಹಚ್ಚಿದರು. ಆಗಿನ ವರದಿಗಳನ್ನು ಹುಡುಕಿ ಓದಿ. ಬೆಂಕಿಯ ಚಿತ್ರದ ಆಚೆಗೆ, ಹಿಂದಿನ ವಾರ ಕ್ವಿಂಟಲ್‌ಗೆ ಯಾವ ದರವಿತ್ತು, ಅಂದು ಎಷ್ಟಕ್ಕಿಳಿಯಿತು, ಟೆಂಡರ್ ಹೇಗೆ ನಡೆಯುತ್ತದೆ ಎಂಬುದನ್ನು ಓದುಗರಿಗೆ ಯಾರು ಬಿಡಿಸಿ ಹೇಳಿದ್ದರು, ಯಾರು ಹೇಳಿರಲಿಲ್ಲ ಎಂಬುದನ್ನು ಗುರುತು ಮಾಡಿಕೊಳ್ಳಿ. ‘ಇಂಥ ಸುದ್ದಿಯನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ’ ಎಂದು ಎರಡು ನಿಮಿಷ ಮಾತನಾಡಬಲ್ಲವಳಿಗೆ ‘ಏಕೆ’ ಎಂಬ ಪ್ರಶ್ನೆ ತಾನಾಗಿ ಹಗುರವಾಗುತ್ತದೆ.

ಲಿಖಿತ ಪರೀಕ್ಷೆಯಲ್ಲಿ ಹೆಚ್ಚಿನವರು ಎಡವುವುದು ಅನುವಾದದಲ್ಲಿ, ಅದೂ ಇಂಗ್ಲಿಷ್ ಬಾರದೆ ಅಲ್ಲ, ಅವಸರದಲ್ಲಿ. ಹೈಕೋರ್ಟ್ ಒಂದು ಆದೇಶವನ್ನು ‘ಸ್ಟೇ’ ಮಾಡಿದರೆ ಅದು ತಡೆಯಾಜ್ಞೆ, ‘ಕ್ವಾಶ್’ ಮಾಡಿದರೆ ರದ್ದತಿ. ಮೊದಲನೆಯದನ್ನು ‘ರದ್ದು’ ಎಂದು ಬರೆದವರ ಉಳಿದ ಭಾಷೆ ಎಷ್ಟೇ ಚೆಂದವಿದ್ದರೂ ಮೌಲ್ಯಮಾಪಕರ ಕೆಂಪು ಗೆರೆ ತಪ್ಪಿದ್ದಲ್ಲ. ‘2.5 ಮಿಲಿಯನ್’ ಎಂದರೆ 25 ಲಕ್ಷ, ‘ಒಂದು ಬಿಲಿಯನ್’ ಎಂದರೆ 100 ಕೋಟಿ. ಸೊನ್ನೆ ಎಣಿಸದೆ ‘2.5 ಲಕ್ಷ’ ಎಂದು ಬರೆದ ಉತ್ತರಪತ್ರಿಕೆಗಳನ್ನು ನಾನೇ ತಿದ್ದಿದ್ದೇನೆ, ಅವುಗಳಲ್ಲಿ ಒಂದೆರಡು ಚಿನ್ನದ ಪದಕ ಪಡೆದವರವು. ನಿತ್ಯ ಒಂದು ಇಂಗ್ಲಿಷ್ ಸುದ್ದಿಯನ್ನು ಓದಿ, ಹಾಳೆಯನ್ನು ಮಗುಚಿಟ್ಟು, ಮನೆಯವರಿಗೆ ಹೇಳುವಂತೆ ಕನ್ನಡದಲ್ಲಿ ಬರೆದು, ಬಳಿಕ ಅಂಕಿಗಳನ್ನೂ ಹೆಸರುಗಳನ್ನೂ ಮೂಲದೊಡನೆ ತಾಳೆ ನೋಡಿ. ವಾಕ್ಯ ಆಗ ಕನ್ನಡದ್ದೇ ಆಗಿ ಬರುತ್ತದೆ.

ಇನ್ನು ಸಂದರ್ಶನ. ತುಂಗಭದ್ರೆ ನಿಮ್ಮ ಜಿಲ್ಲೆಯ ಅಂಚಿನಲ್ಲಿಯೇ ಹರಿಯುವುದರಿಂದ, 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟ್ ಕೊಚ್ಚಿಹೋದ ಪ್ರಸ್ತಾಪ ಬಂದರೂ ಬರಬಹುದು. ಹಿಂದೆಯೇ ‘ಕ್ಯೂಸೆಕ್ ಎಂದರೇನು, ಟಿಎಂಸಿ ಎಂದರೇನು?’ ಎಂಬ ಪ್ರಶ್ನೆ ಬರುತ್ತದೆ. ಮೊದಲನೆಯದು ಹರಿವಿನ ದರ, ಸೆಕೆಂಡಿಗೆ ಒಂದು ಘನ ಅಡಿ. ಎರಡನೆಯದು ಸಂಗ್ರಹದ ಪ್ರಮಾಣ, ನೂರು ಕೋಟಿ ಘನ ಅಡಿ. ಸುಮಾರು 11,574 ಕ್ಯೂಸೆಕ್ ನೀರು 24 ಗಂಟೆ ಸತತವಾಗಿ ಹರಿದರೆ ಒಂದು ಟಿಎಂಸಿ ಅಡಿಯಾಗುತ್ತದೆ. ‘ಸೆಕೆಂಡಿಗೆ ಹತ್ತು ಸಾವಿರ ಕ್ಯೂಸೆಕ್’ ಎಂಬ ಸಾಲು ಅಚ್ಚಾದ ಪತ್ರಿಕೆಗಳಲ್ಲಿಯೂ ಕಾಣುವುದುಂಟು. ಅದರಲ್ಲಿ ಏನು ತಪ್ಪಿದೆ ಎಂದು ಹೇಳಬಲ್ಲವರೇ ಡೆಸ್ಕಿಗೆ ಬೇಕಾದವರು.

ಗೊತ್ತಿಲ್ಲದ ಪ್ರಶ್ನೆ ಬಂದಾಗ ‘ಗೊತ್ತಿಲ್ಲ’ ಎನ್ನಿ, ಆದರೆ ಅಲ್ಲಿಗೇ ನಿಲ್ಲಿಸಬೇಡಿ. ಯಾವ ಇಲಾಖೆಯಲ್ಲಿ, ಯಾವ ದಾಖಲೆಯಲ್ಲಿ ನೋಡಿ ಖಚಿತಪಡಿಸಿಕೊಳ್ಳುತ್ತೀರಿ ಎಂಬುದನ್ನೂ ಸೇರಿಸಿ. ಊಹೆಯನ್ನು ಧೈರ್ಯವಾಗಿ ಹೇಳುವ ಅಭ್ಯರ್ಥಿಯನ್ನು ಕಂಡರೆ ಸುದ್ದಿಮನೆಯವರಿಗೆ ಭಯ, ಏಕೆಂದರೆ ಅದೇ ಊಹೆ ನಾಳೆ ಮುಖಪುಟದಲ್ಲಿ ಕೂರಬಹುದು.

ಕಾನೂನಿನ ಒಂದೆರಡು ವಿಷಯಗಳಲ್ಲಿ ಮಾತ್ರ ತಡವರಿಸಬಾರದು. ಲೈಂಗಿಕ ದೌರ್ಜನ್ಯದ ಸುದ್ದಿಯೊಂದನ್ನು ಕೊಟ್ಟು ಸಂಪಾದಿಸಲು ಹೇಳಿದರೆ, ಸಂತ್ರಸ್ತೆಯ ಹೆಸರು ತೆಗೆದರೆ ಸಾಲದು. ಮಗುವಾಗಿದ್ದರೆ ಪೋಕ್ಸೊ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಶಾಲೆ, ನೆರೆಹೊರೆ, ಕುಟುಂಬದ ವಿವರ ಹೀಗೆ ಗುರುತು ಹಿಡಿಯಬಹುದಾದ ಯಾವುದನ್ನೂ ಪ್ರಕಟಿಸುವಂತಿಲ್ಲ. ತಂದೆಯ ಹೆಸರನ್ನೂ ಊರನ್ನೂ ಉಳಿಸಿ, ಹುಡುಗಿಯ ಹೆಸರೊಂದನ್ನೇ ‘ಬದಲಿಸಲಾಗಿದೆ’ ಎಂದು ಬರೆದರೆ ಊರಿಗೆಲ್ಲ ಗೊತ್ತಾದಂತೆಯೇ.

ನಿಮ್ಮ ರಾಜಕೀಯ ಒಲವು ಯಾವುದೆಂದು ಕೆಲವರು ಕೆಣಕುತ್ತಾರೆ. ಸಂಸ್ಥೆಯ ನಿಲುವನ್ನು ಊಹಿಸಿ ಅದರ ಧಾಟಿಯಲ್ಲಿ ಹಾಡಬೇಡಿ, ವಾದಕ್ಕೂ ಇಳಿಯಬೇಡಿ. ಮತ ಹಾಕುವಾಗ ನನಗೊಂದು ಅಭಿಪ್ರಾಯವಿದೆ, ಸುದ್ದಿಯಲ್ಲಿ ಎರಡೂ ಕಡೆಯವರ ಹೇಳಿಕೆ ಇರುತ್ತದೆ ಎಂದರೆ ಸಾಕು. ಸಂಬಳದ ಮಾತನ್ನು ಅವರೇ ಎತ್ತಲಿ; ರಾತ್ರಿ ಪಾಳಿ ಮುಗಿದ ಮೇಲೆ ಮನೆಗೆ ತಲುಪಲು ವಾಹನ ವ್ಯವಸ್ಥೆ ಇದೆಯೇ ಎಂಬುದನ್ನು ಮಾತ್ರ ನೀವಾಗಿ, ಸಂಕೋಚವಿಲ್ಲದೆ ಕೇಳಿ.

ಆ ಪತ್ರಿಕೆಯನ್ನು ಇಂದಿನಿಂದಲೇ ಪೆನ್ಸಿಲ್ ಹಿಡಿದು ಓದಿ. ಅದು ‘ಮುಖ್ಯಮಂತ್ರಿ’ ಎನ್ನುತ್ತದೆಯೋ ‘ಸಿಎಂ’ ಎನ್ನುತ್ತದೆಯೋ, ಮೃತರ ವಯಸ್ಸನ್ನು ಎಲ್ಲಿ ಕೊಡುತ್ತದೆ, ಯಾವ ಪುಟದಲ್ಲಿ ನಿಮ್ಮ ಜಿಲ್ಲೆಗೆ ಜಾಗವಿದೆ ಎಂಬುದನ್ನು ಗಮನಿಸಿ. ಸಂದರ್ಶನದ ದಿನದ ಸಂಚಿಕೆಯನ್ನಂತೂ ಬಸ್ಸಿನಲ್ಲೇ ಮುಗಿಸಿರಿ, ಏಕೆಂದರೆ ಅದೇ ಪುಟವನ್ನು ಮುಂದಿಟ್ಟು ‘ಇದರಲ್ಲಿ ತಪ್ಪು ಹುಡುಕಿ’ ಎನ್ನುವವರಿದ್ದಾರೆ. ಕೈಬರಹದ ಪರೀಕ್ಷೆಯೋ ಟೈಪಿಂಗೋ ಎಂದು ಮೊದಲೇ ಫೋನ್ ಮಾಡಿ ವಿಚಾರಿಸಿಕೊಳ್ಳಿ. ಟೈಪಿಂಗ್ ಆದರೆ, ಮೊಬೈಲ್‌ನಲ್ಲಿ ಕನ್ನಡ ಒತ್ತುವ ಅಭ್ಯಾಸ ಅಲ್ಲಿ ಕೆಲಸಕ್ಕೆ ಬಾರದು, ನುಡಿ ಕೀಲಿಮಣೆಯಲ್ಲಿ ದಿನಕ್ಕೆ ಅರ್ಧ ಗಂಟೆ ಬೆರಳು ಪಳಗಿಸಿಕೊಳ್ಳಲು ಒಂದು ತಿಂಗಳು ಸಾಕಾಗುತ್ತದೆ.