ನರ್ಸಿಂಗ್ ಓದಿದವರು ಸಾರ್ವಜನಿಕ ಆರೋಗ್ಯದಲ್ಲಿ ಎಂಪಿಎಚ್ ಮಾಡಬಹುದೇ?

ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಮೂರು ವರ್ಷ ವಾರ್ಡಿನಲ್ಲಿ ದುಡಿದಿದ್ದೀರಿ. ಈಗ ಎಂಪಿಎಚ್‌ಗೆ, ಅಂದರೆ ಮಾಸ್ಟರ್ ಆಫ್ ಪಬ್ಲಿಕ್ ಹೆಲ್ತ್ ಎಂಬ ಸ್ನಾತಕೋತ್ತರ ಪದವಿಗೆ, ಸೇರಬಹುದೇ, ಅದು ಡಾಕ್ಟರುಗಳ ಓದಲ್ಲವೇ ಎಂದು ಕೇಳಿದ್ದೀರಿ. ಖಂಡಿತ ಸೇರಬಹುದು. ನಾನೂ ಮಕ್ಕಳ ವಾರ್ಡಿನಿಂದಲೇ ಹೋದವಳು. ನನ್ನ ತರಗತಿಯಲ್ಲಿ ದಂತವೈದ್ಯರು, ಆಯುರ್ವೇದ ಓದಿದವರು, ಸಮಾಜಕಾರ್ಯದವರು, ಸಂಖ್ಯಾಶಾಸ್ತ್ರದ ಒಬ್ಬ ಪದವೀಧರ ಎಲ್ಲರೂ ಇದ್ದರು. ಎಂಬಿಬಿಎಸ್ ಕಡ್ಡಾಯವಾಗಿರುವುದು ಕಮ್ಯುನಿಟಿ ಮೆಡಿಸಿನ್ ಎಂ.ಡಿ.ಗೆ. ಅದು ಮೂರು ವರ್ಷದ್ದು, ಇದು ಸಾಮಾನ್ಯವಾಗಿ ಎರಡು ವರ್ಷದ್ದು.

ಏನು ಕಲಿಸುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಶಾಲೆಯಲ್ಲಿ ಕಲಿತ ಭಿನ್ನರಾಶಿ ನೆನಪಿದೆಯಲ್ಲ? ಮೇಲಿನದು ಅಂಶ, ಕೆಳಗಿನದು ಛೇದ. ವಾರ್ಡಿನಲ್ಲಿ ನಮ್ಮ ಕಣ್ಣಿಗೆ ಬೀಳುವುದು ಅಂಶ ಮಾತ್ರ. ದಡಾರದಿಂದ ನಾಲ್ಕು ಮಕ್ಕಳು ಬಂದರು ಎಂದು ಬರೆದುಕೊಳ್ಳುತ್ತೇವೆ. ಎಷ್ಟು ಮಕ್ಕಳಲ್ಲಿ ನಾಲ್ಕು, ಕಾಯಿಲೆ ಬಂದೂ ಆಸ್ಪತ್ರೆಗೆ ಬಾರದವರೆಷ್ಟು ಎಂಬುದು ಯಾವ ಕೇಸ್ ಶೀಟಿನಲ್ಲೂ ಇರುವುದಿಲ್ಲ. ನಾನು ಎರಡು ವರ್ಷ ಕಲಿತದ್ದು ಆ ಛೇದವನ್ನು ಹುಡುಕಿಕೊಂಡು ಹೋಗುವುದನ್ನು.

ಮೊದಲ ಕ್ಷೇತ್ರಕಾರ್ಯದಲ್ಲಿ ಆಶಾ ಕಾರ್ಯಕರ್ತೆಯೊಬ್ಬರ ಜೊತೆ ಲಸಿಕೆಯ ಸಮೀಕ್ಷೆಗೆ ಹೋಗಿದ್ದೆ. ಪಟ್ಟಿಯಲ್ಲಿದ್ದ ಮನೆಗೆ ಬೀಗ ಹಾಕಿದ್ದರೆ ಅದರ ಬದಲು ಪಕ್ಕದ ಮನೆಯವರ ಮಕ್ಕಳ ವಿಷಯ ಕೇಳಿ ಫಾರಂ ತುಂಬಿದೆ. ಸಂಜೆ ನಮ್ಮ ಮೇಷ್ಟರು ಅವನ್ನೆಲ್ಲ ವಾಪಸು ಕೊಟ್ಟರು. "ಹಗಲು ಹೊತ್ತಿನಲ್ಲಿ ಬೀಗ ಹಾಕಿಕೊಂಡು ಹೋಗುವವರು ಯಾರಮ್ಮಾ?" ಎಂದಷ್ಟೇ ಕೇಳಿದರು. ಕೂಲಿಗೆ ಹೋಗುವವರು. ಮರುದಿನ ಬೆಳಗ್ಗೆ ಆರಕ್ಕೇ ಹೋಗಿ ಅದೇ ಮನೆಗಳ ಬಾಗಿಲು ತಟ್ಟಿದೆ. ಲಸಿಕೆ ತಪ್ಪಿದ ಮಕ್ಕಳಲ್ಲಿ ಹೆಚ್ಚಿನವರು ಅಲ್ಲೇ ಇದ್ದರು. ಲಸಿಕೆ ಹಾಕುವ ಹೊತ್ತಿಗೆ ಅವರ ತಾಯಂದಿರು ಹೊಲದಲ್ಲಿರುತ್ತಿದ್ದರು. ಪಕ್ಕದ ಮನೆಗಳನ್ನೇ ಎಣಿಸಿ ವರದಿ ಕೊಟ್ಟಿದ್ದರೆ ಆ ಊರಿನಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾನೇ ಬರೆಯುತ್ತಿದ್ದೆ.

ಇದೇ ಪಾಠ ನಮ್ಮ ತುಮಕೂರು ಜಿಲ್ಲೆಯಲ್ಲಿ ಅರವತ್ತು ವರ್ಷಗಳ ಹಿಂದೆಯೇ ನಡೆದಿದೆ. ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾಯಿತು. ಅಲ್ಲಿದ್ದ ಸಂಶೋಧಕರಾದ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್, ತುಮಕೂರಿನ ಸಮೀಕ್ಷೆಯಲ್ಲಿ ಪತ್ತೆಯಾದ ಕ್ಷಯರೋಗಿಗಳನ್ನು ಮಾತನಾಡಿಸಿ 1963ರಲ್ಲಿ ಅಧ್ಯಯನ ಪ್ರಕಟಿಸಿದರು. ಹಳ್ಳಿಯವರಿಗೆ ತಿಳಿವಳಿಕೆ ಇಲ್ಲ, ಅದಕ್ಕೇ ಆಸ್ಪತ್ರೆಗೆ ಬರುವುದಿಲ್ಲ ಎಂಬ ಮಾತು ಆಗಲೂ ಇತ್ತು. ಆದರೆ ಬಹುಪಾಲು ರೋಗಿಗಳಿಗೆ ತಮ್ಮ ಕೆಮ್ಮು, ಜ್ವರದ ಅರಿವಿತ್ತು. ಸುಮಾರು ಅರ್ಧದಷ್ಟು ಜನ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು. ಅಲ್ಲಿ ಅವರ ಕೈಗೆ ಬಂದದ್ದು ಕೆಮ್ಮಿನ ಔಷಧಿಯ ಸೀಸೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ವಾರ್ಡಿನಲ್ಲಿ ನಾನು ಎಷ್ಟು ತಾಯಂದಿರಿಗೆ "ಇಷ್ಟು ತಡವಾಗಿ ಕರೆದುಕೊಂಡು ಬಂದಿದ್ದೀರಲ್ಲ" ಎಂದು ಗದರಿದ್ದೆನೋ! ಅದಕ್ಕೂ ಮೊದಲು ಅವರು ಎಲ್ಲೆಲ್ಲಿ ಅಲೆದು ಬಂದಿದ್ದರು ಎಂದು ಒಮ್ಮೆಯೂ ಕೇಳಿರಲಿಲ್ಲ.

ಸಂಖ್ಯಾಶಾಸ್ತ್ರಕ್ಕೆ ಹೆದರಬೇಡಿ. ಮೊದಲ ಸೆಮಿಸ್ಟರ್ ಕಷ್ಟ, ಆಮೇಲೆ ರೂಢಿಯಾಗುತ್ತದೆ. ನಿಮ್ಮ ವಾರ್ಡಿನ ಅನುಭವವೂ ವ್ಯರ್ಥವಾಗುವುದಿಲ್ಲ, ಜನರ ಹತ್ತಿರ ಕುಳಿತು ಮಾತನಾಡಿಸುವ ಅಭ್ಯಾಸ ನಿಮಗೆ ಈಗಾಗಲೇ ಇದೆ.

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ಅಚ್ಯುತ ಮೇನೋನ್ ಕೇಂದ್ರದಲ್ಲಿ 1997ರಿಂದ ಎಂಪಿಎಚ್ ಇದೆ. ನಮ್ಮಲ್ಲಿ ಮಣಿಪಾಲ, ಮೈಸೂರಿನ ಜೆಎಸ್ಎಸ್, ಬೆಳಗಾವಿಯ ಕೆಎಲ್ಇ, ಬೆಂಗಳೂರಿನ ನಿಮ್ಹಾನ್ಸ್ ಇವೆ. ಅರ್ಹತೆ, ಪ್ರವೇಶ ಪರೀಕ್ಷೆ, ಶುಲ್ಕ ಒಂದೊಂದು ಕಡೆ ಒಂದೊಂದು ರೀತಿ, ಆ ವರ್ಷದ ಪ್ರಕಟಣೆಯನ್ನೇ ನೋಡಿ.

ಕೆಲಸದ ವಿಷಯವನ್ನು ಮುಚ್ಚಿಡುವುದಿಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ, ಸಂಶೋಧನಾ ಯೋಜನೆಗಳಲ್ಲಿ ಸಿಗುವ ಹುದ್ದೆಗಳು ಬಹುತೇಕ ಗುತ್ತಿಗೆಯವು. ಯೋಜನೆ ಮುಗಿದಾಗ ಮತ್ತೆ ಹುಡುಕಬೇಕಾಗುತ್ತದೆ. ನಾನು ಎರಡು ಸಲ ಹುಡುಕಿದ್ದೇನೆ. ಮನೆಯ ಜವಾಬ್ದಾರಿ ನಿಮ್ಮೊಬ್ಬರ ಮೇಲೇ ಇದ್ದರೆ ದೊಡ್ಡ ಸಾಲ ಮಾಡಿ ಸೇರಬೇಡಿ. ಈ ಕೆಲಸ ನಿಲ್ಲದೆ ನಡೆಯಬೇಕೆಂದರೆ ಸರ್ಕಾರ ಇದಕ್ಕೆ ಕಾಯಂ ಹುದ್ದೆಗಳನ್ನು ಸೃಷ್ಟಿಸಲೇಬೇಕು ಎಂಬುದು ನನ್ನ ಬಲವಾದ ಅನಿಸಿಕೆ.

ಹಣ ಕಟ್ಟುವ ಮುಂಚೆ ಆ ವಿಭಾಗದಲ್ಲಿ ಓದಿ ಹೊರಬಂದ ಒಬ್ಬರನ್ನಾದರೂ ಮಾತನಾಡಿಸಿ. ಎಷ್ಟು ವಾರ ಹಳ್ಳಿಯಲ್ಲಿ ಇದ್ದಿರಿ, ಪ್ರಬಂಧದ ಮಾಹಿತಿಯನ್ನು ನೀವೇ ಮನೆ ಮನೆಗೆ ಹೋಗಿ ತಂದಿರಾ ಎಂದು ಕೇಳಿ. ಬೀಗ ಹಾಕಿದ ಮನೆಗಳನ್ನು ಏನು ಮಾಡಿದಿರಿ ಎಂದೂ ಕೇಳಿ.