ಪ್ರತಿಕ್ರಿಯೆ: ಎಕ್ಸ್‌ರೇಯಲ್ಲಿ ಹೃದಯ ದೊಡ್ಡದಾಗಿ ಕಂಡಾಗ

ತಂದೆಯವರ ಎದೆಯ ಎಕ್ಸ್‌ರೇ ವರದಿಯಲ್ಲಿ ‘ಹೃದಯ ಹಿಗ್ಗಿದೆ’ ಎಂದಿದೆ, ಅವರಿಗೆ ಹಲವು ವರ್ಷಗಳಿಂದ ಬಿಪಿ ಇದೆ, ಇದಕ್ಕೆ ಕಾರಣವೇನು, ಇನ್ನಷ್ಟು ಹೆಚ್ಚದಂತೆ ತಡೆಯಬಹುದೇ ಎಂದು ಕೇಳಿದ್ದೀರಿ. ಹೃದಯದ ಅಗಲ ಎದೆಗೂಡಿನ ಒಳ ಅಗಲದ ಅರ್ಧಕ್ಕಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ ಹಾಗೆ ಬರೆಯುತ್ತಾರೆ. ಆದರೆ ಮಲಗಿಸಿ ತೆಗೆದಾಗ ಅಥವಾ ಉಸಿರನ್ನು ಪೂರ್ತಿ ಎಳೆದುಕೊಳ್ಳದಿದ್ದಾಗ ಸಹಜ ಹೃದಯವೂ ದೊಡ್ಡದಾಗಿ ಕಾಣುವುದುಂಟು. ಆದ್ದರಿಂದ ಗಾಬರಿಗೊಳ್ಳದೆ ಮೊದಲು ಎಕೋ ಪರೀಕ್ಷೆ (ಶಬ್ದತರಂಗಗಳಿಂದ ಹೃದಯದ ಚಿತ್ರ ನೋಡುವ ಸ್ಕ್ಯಾನ್) ಮಾಡಿಸಿ.

ನೀವು ಬರೆದಿರುವಂತೆ ಅವರು ಮಾತ್ರೆಯನ್ನು ಆಗಾಗ ಬಿಡುತ್ತಿದ್ದರೆ, ನನ್ನ ಮೊದಲ ಅನುಮಾನ ರಕ್ತದೊತ್ತಡದ ಮೇಲೆಯೇ. ಹೆಚ್ಚಿದ ಒತ್ತಡಕ್ಕೆದುರಾಗಿ ರಕ್ತವನ್ನು ತಳ್ಳಿ ತಳ್ಳಿ ಎಡ ಹೃತ್ಕುಕ್ಷಿಯ (ದೇಹಕ್ಕೆಲ್ಲ ರಕ್ತ ತಳ್ಳುವ ಹೃದಯದ ಕೋಣೆಯ) ಗೋಡೆ ಗರಡಿಯಾಳಿನ ತೋಳಿನಂತೆ ದಪ್ಪವಾಗುತ್ತದೆ. ಚಿಕಿತ್ಸೆಯಿಲ್ಲದೆ ವರ್ಷಗಳು ಕಳೆದರೆ ಅದೇ ಗೋಡೆ ಗಡುಸಾಗಿ, ಕೆಲವರಲ್ಲಿ ಸೋತು ಹಿಗ್ಗುತ್ತದೆ. ಹಿಂದೆ ಆದ ಹೃದಯಾಘಾತ, ಬಾಲ್ಯದ ರುಮ್ಯಾಟಿಕ್ ಜ್ವರದಿಂದ (ಗಂಟಲಿನ ಸೋಂಕಿನ ನಂತರ ಬರುವ ಕಾಯಿಲೆಯಿಂದ) ಕೆಟ್ಟ ಕವಾಟ, ಅತಿಯಾದ ಮದ್ಯಪಾನ, ಥೈರಾಯ್ಡ್ ದೋಷ, ತೀವ್ರ ರಕ್ತಹೀನತೆಗಳೂ ಕಾರಣವಾಗಬಲ್ಲವು. ಹೃದಯದ ಸ್ನಾಯುವಿನ ಕೆಲವು ಕಾಯಿಲೆಗಳು ವಂಶದಲ್ಲಿ ಹರಿದುಬರುವುದರಿಂದ, ಎಕೋದಲ್ಲಿ ಅಂಥದ್ದು ಕಂಡುಬಂದರೆ ನೀವೂ ನಿಮ್ಮ ಒಡಹುಟ್ಟಿದವರೂ ಪರೀಕ್ಷಿಸಿಕೊಳ್ಳಬೇಕು.

ಬಿಪಿ ಹತೋಟಿಗೆ ಬಂತೆಂದು ಮಾತ್ರೆ ನಿಲ್ಲಿಸಲು ದಯವಿಟ್ಟು ಬಿಡಬೇಡಿ. ಹತೋಟಿಗೆ ಬಂದದ್ದೇ ಮಾತ್ರೆಯಿಂದ. ದಿನದ ಉಪ್ಪು 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು, ಮತ್ತು ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯಲ್ಲಿರುವುದೂ ಈ ಲೆಕ್ಕಕ್ಕೆ ಸೇರುತ್ತದೆ. ಮಲಗಿದೊಡನೆ ಉಸಿರುಕಟ್ಟಿ ಎದ್ದು ಕೂರುವಂತಾದರೆ, ಪಾದ ಊದಿಕೊಂಡರೆ, ಎಕೋ ದಿನಾಂಕಕ್ಕೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.