ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ ಜಿಮ್ ಫ್ರಾಂಚೈಸಿಗೆ ಗಲ್ಫ್ ಉಳಿತಾಯ ಹಾಕಬಹುದೇ?

ಹಾಕಬಹುದು, ಆದರೆ ಕಂಪೆನಿಯವರು ತೋರಿಸುವ ಲಾಭದ ಲೆಕ್ಕ ನಂಬಿ ಅಲ್ಲ. ರಾಯಲ್ಟಿ, ಅಂದರೆ ಅವರ ಹೆಸರು ಬಳಸಿದ್ದಕ್ಕೆ ಕೊಡುವ ಪಾಲು, ಸಾಮಾನ್ಯವಾಗಿ ವಹಿವಾಟಿನ ಮೇಲೆ, ಲಾಭದ ಮೇಲಲ್ಲ. 200 ಜನ ತಿಂಗಳಿಗೆ 1,000 ರೂಪಾಯಿ ಕೊಟ್ಟರೆ 2 ಲಕ್ಷ, ಶೇ. 8 ಎಂದಿಟ್ಟುಕೊಂಡರೂ 16,000 ರೂಪಾಯಿ ರಾಯಲ್ಟಿ. ಕೈಯಿಂದ ಹಾಕಿದ ತಿಂಗಳೂ ಅದು ತಪ್ಪದು. ಅದರ ಮೇಲೆ ಶೇ. 18 ಜಿಎಸ್‌ಟಿ ಬೇರೆ. 2025ರ ಸೆಪ್ಟೆಂಬರ್ 22ರಿಂದ ಜಿಮ್ ಶುಲ್ಕದ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿದಿದೆ. ಸದಸ್ಯರಿಗೆ ಖುಷಿ, ನಿಮಗೆ ಮಾತ್ರ ಟ್ರೆಡ್‌ಮಿಲ್ಲಿಗೂ ರಾಯಲ್ಟಿಗೂ ಕಟ್ಟಿದ ತೆರಿಗೆಯ ಇನ್‌ಪುಟ್ ಕ್ರೆಡಿಟ್, ಅಂದರೆ ಅದನ್ನು ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆಯುವ ಅವಕಾಶ, ಸಿಗದು. ಅವರ ಪ್ರಾಜೆಕ್ಟ್ ರಿಪೋರ್ಟ್ ಇದಕ್ಕಿಂತ ಹಳೆಯದಾದರೆ ಪಕ್ಕಕ್ಕಿಡಿ.

ರಂಜಾನಿನಲ್ಲಿ ಜನ ಬರುವುದೇ ಇಫ್ತಾರ್ ಕಳೆದು. ಟ್ರೈನರ್‌ಗೆ ರಾತ್ರಿ ಪಾಳಿ ಬೇಕು. ಕಡಲ ಗಾಳಿಗೆ ಕೇಬಲ್, ಬೋಲ್ಟು, ಡಂಬೆಲ್ ಹಿಡಿಗಳಿಗೆ ಬೇಗ ತುಕ್ಕು. ರಿಪೇರಿ ಯಾರ ಖರ್ಚು ಎಂದು ಈಗಲೇ ಕೇಳಿ.

ನಮ್ಮ ದೇಶದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ, 1872ರ ಕರಾರು ಕಾಯ್ದೆಯೇ ಗತಿ. ಹಾಗಾಗಿ ನಿಮ್ಮ ವ್ಯಾಪ್ತಿಯನ್ನು ಕಿಲೋಮೀಟರ್ ಲೆಕ್ಕದಲ್ಲಿ ಬರೆಸಿ. ಕುಂಬಳೆಯಲ್ಲೋ ತಲಪಾಡಿಯಲ್ಲೋ ಅವರೇ ಇನ್ನೊಂದು ತೆರೆಯಬಾರದಲ್ಲ. ಕಟ್ಟಡದ ಬಾಡಿಗೆ ಕರಾರು ಫ್ರಾಂಚೈಸಿ ಅವಧಿಗಿಂತ ಮೊದಲೇ ಮುಗಿಯದ ಹಾಗೆ ನೋಡಿಕೊಳ್ಳಿ.